ಬೇಸ್ ಗಿಟಾರಿನ ಗುಂಯ್ ಸದ್ದು: ಎಲ್ಲಿಂದ ಬರುತ್ತದೆ, ಹೇಗೆ ನಿಲ್ಲಿಸಬೇಕು?

ಗಾನವೃಂದದವರಿಗೆ ಒಂದು ಪಾಠ



ಪರಮಪ್ರಸಾದ ಸ್ವೀಕರಿಸಿ ಎಲ್ಲರೂ ಮೊಣಕಾಲೂರಿದ್ದಾರೆ. ಹಾಡು ಮುಗಿದಿದೆ. ದೇವಾಲಯದಲ್ಲಿ ಒಂದೆರಡು ನಿಮಿಷಗಳ ಮೌನ. ಆ ಮೌನದ ನಡುವೆ ಗಾನವೃಂದದ ಮೂಲೆಯಿಂದ ಒಂದೇ ಸಮನೆ "ಗುಂಯ್" ಎಂಬ ಸದ್ದು. ಹಾಡುವಾಗ ಯಾರಿಗೂ ಕೇಳಿಸದ ಸದ್ದು ಮೌನದಲ್ಲಿ ಎಲ್ಲರಿಗೂ ಕೇಳಿಸುತ್ತದೆ. ಸೂಕ್ತ ಸಮಯದಲ್ಲಿ ಪವಿತ್ರ ಮೌನವನ್ನು ಪಾಲಿಸಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯ 1963ರ ಆರಾಧನಾ ಸಂವಿಧಾನವು ಹೇಳುತ್ತದೆ. ನಮ್ಮ ಬೇಸ್ ಗಿಟಾರ್ ಮಾತ್ರ ಅದನ್ನು ಪಾಲಿಸುತ್ತಿರಲಿಲ್ಲ.

ನಾರ್ವ ಕಡೆಯ ನಮ್ಮ ಪುಟ್ಟ ದೇವಾಲಯದಲ್ಲಿ ಕನ್ನಡದ ಗಾನವೃಂದವೂ ಇದೆ, ತೆಲುಗಿನ ಗಾನವೃಂದವೂ ಇದೆ. ಪೂಜೆಯ ಹೊತ್ತು ಬೇರೆ, ಸಾಮಾನು ಒಂದೇ. "ನಿಮ್ಮ ಗಿಟಾರೇ ಕೆಟ್ಟದ" ಎಂದು ಅವರು, "ನಿಮ್ಮ ಮಿಕ್ಸರ್ ತಂದ ಮೇಲೆ ಶುರುವಾಯ್ತು" ಎಂದು ನಾವು. ಹೀಗೆ ಒಂದು ವರ್ಷ ಕಳೆಯಿತು. ಕೊನೆಗೆ ಇಬ್ಬರೂ ಕೂಡಿ ಕೂತು ಹುಡುಕಿದಾಗ ಸಿಕ್ಕ ಉತ್ತರವನ್ನು, ನಡುವೆ ನಾವು ಮಾಡಿದ ಒಂದು ಅಪಾಯದ ತಪ್ಪನ್ನು, ಇಲ್ಲಿ ಪಾಠವಾಗಿ ಬರೆದಿದ್ದೇವೆ. ಬೇರೆ ಗಾನವೃಂದಗಳಿಗೂ ಇದು ಉಪಯೋಗವಾಗಲಿ.

1. ಮೊದಲು ಕಿವಿಗೊಟ್ಟು ಕೇಳೋಣ

ಸದ್ದಿನಲ್ಲಿ ಎರಡು ಬಗೆ. ಕೊಡದೊಳಗೆ ಜೇನುಹುಳು ಸಿಕ್ಕಿದಂತೆ ದಪ್ಪನೆಯ, ನುಣ್ಣನೆಯ ಸದ್ದು ಒಂದು. ಅದನ್ನು ಇಲ್ಲಿ ಗುಂಯ್ ಸದ್ದು ಎನ್ನೋಣ. ಜೀರುಂಡೆ ಕೂಗಿದಂತೆ ಒರಟಾದ, ಹರಿತವಾದ ಸದ್ದು ಇನ್ನೊಂದು. ಅದನ್ನು ಝರ್ ಸದ್ದು ಎನ್ನೋಣ. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುತ್ತದೆ. ಗದ್ವಾಲ ಹತ್ತಿರದ ಜುರಾಲಾ ಅಣೆಕಟ್ಟಿನಲ್ಲಿ ಹುಟ್ಟಿದ್ದಾದರೂ ಸರಿ, ರಾಯಚೂರಿನ ಕಲ್ಲಿದ್ದಲಿನಿಂದ ಹುಟ್ಟಿದ್ದಾದರೂ ಸರಿ, ಲೆಕ್ಕ ಅದೇ 50. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನಿನ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್ಡಿಗೆ ಕೂಡಿಕೊಂಡಿತು. ಹಾಗಾಗಿ ನಾರ್ವದ ಗುಂಯ್ ಸದ್ದಿಗೂ ದಿಲ್ಲಿಯ ಗುಂಯ್ ಸದ್ದಿಗೂ ಸ್ವರ ಒಂದೇ.

ಈ ಸ್ವರ ಬೇರೆಯವರಿಗಿಂತ ಬೇಸ್ ನುಡಿಸುವವರಿಗೆ ಹೆಚ್ಚು ತೊಂದರೆ ಕೊಡುತ್ತದೆ. ಬೇಸಿನ ದಪ್ಪ ತಂತಿ 'ಇ' ಸೆಕೆಂಡಿಗೆ 41.2 ಸಲ ಕಂಪಿಸುತ್ತದೆ, ಅದರ ಮೇಲಿನ 'ಎ' ತಂತಿ 55 ಸಲ. ಗುಂಯ್ ಸದ್ದಿನ 50 ಇವೆರಡರ ನಡುವೆ ಬಂದು ಕೂರುತ್ತದೆ. 'ಇ' ತಂತಿಯ ಮೂರನೆಯ ಫ್ರೆಟ್ ಒತ್ತಿದರೆ 49, ಅದು 'ಜಿ' ಸ್ವರ. ಅಂದರೆ ಗುಂಯ್ ಸದ್ದು 'ಜಿ'ಗಿಂತ ಚೂರು ಮೇಲಿದೆ, ಯಾವ ಸ್ವರಕ್ಕೂ ಸರಿಯಾಗಿ ಕೂಡುವುದಿಲ್ಲ. ಗಿಟಾರ್, ಕೀಬೋರ್ಡುಗಳಲ್ಲಾದರೆ ತಗ್ಗಿನ ಸ್ವರಗಳನ್ನು ಆಂಪ್ಲಿಫಯರಿನಲ್ಲಿ ಕಡಿಮೆ ಮಾಡಿ ಪಾರಾಗಬಹುದು. ಬೇಸಿನಲ್ಲಿ ಹಾಗೆ ಮಾಡಿದರೆ ಸದ್ದಿನ ಜೊತೆ ಬೇಸೂ ಹೋಗುತ್ತದೆ.

ಇನ್ನೊಂದು ಮಾತು. ನುಡಿಸಿದಾಗ ಮಾತ್ರ, ಒಂದೆರಡು ಫ್ರೆಟ್‌ಗಳಲ್ಲಿ ಮಾತ್ರ ಝರ್ ಎಂದರೆ ಅದು ಕರೆಂಟಿನ ದೋಷವಲ್ಲ. ತಂತಿ ಫ್ರೆಟ್ಟಿಗೆ ತಾಗುತ್ತಿದೆ. ಬಿಸಿಲಿಗೆ ಮರದ ಕತ್ತು ಬಾಗಿದರೂ ಹೀಗಾಗುತ್ತದೆ. ಬಾಕ್ಸ್ ಬಂದ್ ಮಾಡಿ ನುಡಿಸಿ ನೋಡಿ. ಆಗಲೂ ಕೇಳಿಸಿದರೆ ಅದು ಮರದ ಕೆಲಸ, ವೈರಿನ ಕೆಲಸವಲ್ಲ.

2. ಗಿಟಾರಿನ ಒಳಗೆ ಏನಿದೆ?

ತಂತಿಗಳ ಕೆಳಗಿರುವ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಕಬ್ಬಿಣದ ತಂತಿ ಅಲ್ಲಾಡಿದಾಗ ಅಯಸ್ಕಾಂತದ ಬಲ ಏರಿಳಿಯುತ್ತದೆ, ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮವೇ ಇದು. ಆದರೆ ಸುರುಳಿಗೆ ತಂತಿಯ ಅಲುಗಾಟ ಯಾವುದು, ಪಕ್ಕದ ಟ್ರಾನ್ಸ್‌ಫಾರ್ಮರಿನ ಅಯಸ್ಕಾಂತ ಬಲ ಯಾವುದು ಎಂಬ ಭೇದ ತಿಳಿಯದು. ಎರಡನ್ನೂ ಎತ್ತಿಕೊಂಡು ಬಾಕ್ಸಿಗೆ ಕಳಿಸುತ್ತದೆ.

ಇದಕ್ಕೆ ಉಪಾಯ ಹಳೆಯದು. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಸುತ್ತಿ, ಅಯಸ್ಕಾಂತಗಳನ್ನೂ ತಿರುಗಿಸಿಟ್ಟರೆ ತಂತಿಯ ಸ್ವರ ಎರಡರಲ್ಲೂ ಕೂಡಿಕೊಳ್ಳುತ್ತದೆ, ಹೊರಗಿನ ಗುಂಯ್ ಸದ್ದು ಒಂದನ್ನೊಂದು ಕಳೆದುಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಇಂಥ ಪಿಕಪ್ಪಿಗೆ ಪೇಟೆಂಟ್ ಅರ್ಜಿ ಹಾಕಿದರು. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸಿನಲ್ಲಿ ಒಂದೇ ಸುರುಳಿ ಇತ್ತು. 1957ರಲ್ಲಿ ಅದನ್ನು ಎರಡು ತುಂಡು ಮಾಡಿ ಇದೇ ಉಪಾಯ ಬಳಸಿದರು. 1960ರ ಜಾಝ್ ಬೇಸಿನಲ್ಲಿ ಒಂಟಿ ಸುರುಳಿಯ ಎರಡು ಪಿಕಪ್‌ಗಳಿವೆ. ಇಂದು ಅಂಗಡಿಯಲ್ಲಿ ಸಿಗುವ ಅಗ್ಗದ ಬೇಸುಗಳು ಬಹುಪಾಲು ಈ ಎರಡರ ನಕಲುಗಳೇ. ನಿಮ್ಮದು ಯಾವ ಜಾತಿಯದು ಎಂದು ಮೊದಲು ನೋಡಿಕೊಳ್ಳಿ.

3. ಐದು ಪರೀಕ್ಷೆಗಳು

ಬಿಚ್ಚುವ ಮೊದಲು ಪರೀಕ್ಷೆ ಮಾಡಬೇಕು. ಮಲ್ಟಿಮೀಟರ್ ಕೂಡ ಬೇಡ, ಕಿವಿ ಮತ್ತು ತಾಳ್ಮೆ ಸಾಕು. ಒಂದು ಎಚ್ಚರಿಕೆ: ತಂತಿ ಮುಟ್ಟಿದಾಗ ಅಥವಾ ಮೈಕ್ ತಾಗಿದಾಗ ಚೂರು ಶಾಕ್ ಹೊಡೆದರೂ ಪರೀಕ್ಷೆ ನಿಲ್ಲಿಸಿ, ಮೇನ್ ಸ್ವಿಚ್ ಬಂದ್ ಮಾಡಿ, ನೇರ ಐದನೆಯ ಭಾಗ ಓದಿ.

ಒಂದು: ಕೇಬಲ್ ಕಿತ್ತು, ಬಾಕ್ಸನ್ನು ಬರಿದಾಗಿ ಚಾಲೂ ಮಾಡಿ. ಆಗಲೂ ಗುಂಯ್ ಎಂದರೆ ದೋಷ ಬಾಕ್ಸಿನಲ್ಲಿದೆ. ಹಳೆಯ ಬಾಕ್ಸುಗಳ ಪವರ್ ಸಪ್ಲೈ ಕೆಪಾಸಿಟರುಗಳು ಸೋತರೆ 100ರ ಸ್ವರದಲ್ಲಿ ಗುಂಯ್ ಎನ್ನುತ್ತವೆ. ಅದನ್ನು ರಿಪೇರಿಯವರಿಗೇ ಕೊಡಿ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರುಗಳು ಶಾಕ್ ಹೊಡೆಯಬಲ್ಲವು.

ಎರಡು: ಗಿಟಾರ್ ಜೋಡಿಸಿ, ಅದರ ವಾಲ್ಯೂಮ್ ನಾಬ್‌ಗಳನ್ನೆಲ್ಲ ಸೊನ್ನೆಗೆ ತಿರುಗಿಸಿ. ಸದ್ದು ಹೋದರೆ ಅದು ಪಿಕಪ್ಪಿನಿಂದಲೋ ಒಳಗಿನ ವೈರಿನಿಂದಲೋ ಬರುತ್ತಿದೆ. ಹೋಗದಿದ್ದರೆ ಕೇಬಲ್, ಜ್ಯಾಕ್, ಇಲ್ಲವೆ ಬಾಕ್ಸಿನಿಂದಾಚೆಯ ಜೋಡಣೆ. ಮೊದಲು ಕೇಬಲ್ ಬದಲಿಸಿ ನೋಡಿ. ನಮ್ಮ ಅನುಭವದಲ್ಲಿ ಕೆಟ್ಟಿರುವುದು ಹೆಚ್ಚಾಗಿ ಕೇಬಲ್ಲೇ.

ಮೂರು: ವಾಲ್ಯೂಮ್ ಏರಿಸಿ ತಂತಿಗಳನ್ನು ಕೈಯಿಂದ ಮುಟ್ಟಿ. ಝರ್ ಸದ್ದು ಕಡಿಮೆಯಾದರೆ ತಂತಿಗಳ ಗ್ರೌಂಡ್ ಸರಿಯಿದೆ, ಒಳಗಿನ ಕವಚ ಸಾಲದು. ತಂತಿ ಮುಟ್ಟಿದರೆ ಏನೂ ಆಗದೆ, ಕೇಬಲ್ ಪಿನ್ನಿನ ಲೋಹ ಮುಟ್ಟಿದಾಗ ಮಾತ್ರ ಕಡಿಮೆಯಾದರೆ ಬ್ರಿಜ್ಜಿಗೆ ಹೋಗುವ ಗ್ರೌಂಡ್ ವೈರ್ ಕಿತ್ತಿದೆ. ಮುಟ್ಟಿದಾಗ ಸದ್ದು ಜಾಸ್ತಿಯಾದರೆ ಗ್ರೌಂಡ್ ಎಲ್ಲೋ ತುಂಡಾಗಿದೆ, ಇಲ್ಲವೆ ಜ್ಯಾಕಿನಲ್ಲಿ ಎರಡು ವೈರುಗಳು ಅದಲುಬದಲಾಗಿವೆ.

ನಾಲ್ಕು: ಗಿಟಾರ್ ಹಿಡಿದು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಹೆಚ್ಚಿ, ಇನ್ನೊಂದು ದಿಕ್ಕಿನಲ್ಲಿ ಇಳಿದರೆ ಸುರುಳಿ ಹತ್ತಿರದ ಟ್ರಾನ್ಸ್‌ಫಾರ್ಮರಿನ ಬಲವನ್ನು ಹಿಡಿಯುತ್ತಿದೆ. ಬಾಕ್ಸಿನಿಂದ ನಾಲ್ಕು ಹೆಜ್ಜೆ ದೂರ ನಿಲ್ಲಿ.

ಐದು: ಜಾಝ್ ಬೇಸ್ ಜಾತಿಯದಾದರೆ ಎರಡೂ ಪಿಕಪ್‌ಗಳ ವಾಲ್ಯೂಮನ್ನು ಪೂರ್ತಿ ಏರಿಸಿ. ಗುಂಯ್ ಸದ್ದು ಹೋಗಿ, ಒಂದನ್ನು ಇಳಿಸಿದಾಗ ತಿರುಗಿ ಬಂದರೆ ಅದು ದೋಷವಲ್ಲ, ಆ ಗಿಟಾರಿನ ಗುಣ. ಎರಡನ್ನೂ ಸಮವಾಗಿಟ್ಟು ನುಡಿಸಿದರೆ ಆಯಿತು.

4. ಗಿಟಾರನ್ನು ಬಿಚ್ಚಿ ಸರಿಪಡಿಸುವುದು

ಕೇಬಲ್ ಕಿತ್ತ ಗಿಟಾರಿನಲ್ಲಿ ಅಪಾಯದ ಕರೆಂಟಿಲ್ಲ. ಆದ್ದರಿಂದ ಈ ಕೆಲಸವನ್ನು ಯುವಕರು ಧೈರ್ಯದಿಂದ ಕಲಿಯಬಹುದು. ಬೇಕಾದದ್ದು ಸ್ಕ್ರೂಡ್ರೈವರ್, ಮಲ್ಟಿಮೀಟರ್, 40 ವ್ಯಾಟಿನ ಸೋಲ್ಡರಿಂಗ್ ಐರನ್, ರೇಡಿಯೊ ರಿಪೇರಿಯವರು ಬಳಸುವ ಸೀಸದ ತಂತಿ, ಸ್ವಲ್ಪ ಮರಳು ಕಾಗದ.

ಮೊದಲು ಜ್ಯಾಕ್. ಅದರ ನಟ್ ಸಡಿಲಾಗಿ ಜ್ಯಾಕ್ ತಿರುಗಿ ತಿರುಗಿ ಒಳಗಿನ ವೈರ್ ಹರಿಯುವುದು ಸಾಮಾನ್ಯ. ನಟ್ ಬಿಗಿ ಮಾಡಿ, ಹರಿದ ವೈರನ್ನು ಹೊಸದಾಗಿ ಬೆಸೆಯಿರಿ. ಬರೀ ತಿರುಚಿ ಟೇಪ್ ಸುತ್ತಿದರೆ ಒಂದು ಹಬ್ಬಕ್ಕೆ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ.

ಆಮೇಲೆ ಬ್ರಿಜ್ ವೈರ್. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ತಂತಿಗೆ, ಇನ್ನೊಂದನ್ನು ಜ್ಯಾಕಿನ ಹೊರ ಲೋಹಕ್ಕೆ ಇಡಿ. ಓಮ್ ಲೆಕ್ಕ ಸೊನ್ನೆಯ ಹತ್ತಿರ ಇರಬೇಕು. ಇಲ್ಲವಾದರೆ ಬ್ರಿಜ್ಜಿನ ಸ್ಕ್ರೂಗಳನ್ನು ತೆಗೆದು ನೋಡಿ. ಅದರ ಅಡಿಯಲ್ಲಿ ಒತ್ತಿಕೊಂಡಿರಬೇಕಾದ ಬರಿ ವೈರಿನ ತುದಿ ಕಿಲುಬು ಹಿಡಿದಿರುತ್ತದೆ, ಇಲ್ಲವೆ ಪಕ್ಕಕ್ಕೆ ಸರಿದಿರುತ್ತದೆ. ಉಜ್ಜಿ, ಸರಿಯಾಗಿ ಹಾಸಿ, ಬ್ರಿಜ್ ಕೂರಿಸಿ.

ಮೂರನೆಯದು ವಾಲ್ಯೂಮ್ ಕಂಟ್ರೋಲಿನ ಬೆನ್ನು. ಗ್ರೌಂಡ್ ವೈರುಗಳೆಲ್ಲ ಅಲ್ಲಿ ಬಂದು ಸೇರುತ್ತವೆ. ಬೆಸುಗೆ ಹೊಳಪಿಲ್ಲದೆ ಗುಂಡಗೆ ಕೂತಿದ್ದರೆ ಅದು ಹಿಡಿದಿಲ್ಲವೆಂದೇ ಅರ್ಥ. ಬೆನ್ನನ್ನು ಮರಳು ಕಾಗದದಿಂದ ಉಜ್ಜಿ, ಮೊದಲು ಲೋಹವನ್ನು ಬಿಸಿ ಮಾಡಿ, ಆಮೇಲೆ ಸೀಸ ಮುಟ್ಟಿಸಿ. ಆದರೆ ಕೆಲವೇ ಸೆಕೆಂಡುಗಳಲ್ಲಿ ಮುಗಿಸಿ, ಇಲ್ಲವಾದರೆ ಒಳಗಿನ ಕಂಟ್ರೋಲ್ ಸುಟ್ಟುಹೋಗುತ್ತದೆ.

ಕೊನೆಗೆ ಕವಚ. ವೈರುಗಳಿರುವ ಗುಂಡಿಯ ಗೋಡೆಗಳಿಗೆ, ಮುಚ್ಚಳದ ಒಳಬದಿಗೆ ತಾಮ್ರದ ಅಂಟುಹಾಳೆ ಹಚ್ಚಿ. ತುಂಡುಗಳು ಒಂದರ ಮೇಲೊಂದು ಬರಬೇಕು, ಸೇರುವ ಕಡೆ ಒಂದು ಚುಕ್ಕೆ ಬೆಸುಗೆ ಹಾಕಬೇಕು, ಇಡೀ ಕವಚವನ್ನು ಒಂದು ವೈರಿನಿಂದ ಗ್ರೌಂಡಿಗೆ ಸೇರಿಸಬೇಕು. ಜ್ಯಾಕಿನ ಒಳ ತುದಿ ಹಾಳೆಗೆ ತಾಗಬಾರದು. ತಾಗಿದರೆ ಗಿಟಾರ್ ಮೂಕವಾಗುತ್ತದೆ. ನೆನಪಿರಲಿ, ತಾಮ್ರದ ಹಾಳೆ ಝರ್ ಸದ್ದನ್ನು ತಡೆಯುತ್ತದೆ. ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದನ್ನು ತಡೆಯಲಾರದು. ಅದಕ್ಕೆ ದೂರ, ದಿಕ್ಕು, ಜೋಡಿ ಸುರುಳಿ ಇವೇ ಮದ್ದು.

5. ನಾವು ಮಾಡಿದ ತಪ್ಪು

ಇಷ್ಟೆಲ್ಲ ಮಾಡಿದರೂ ನಮ್ಮ ಗಿಟಾರ್ ಸುಮ್ಮನಾಗಲಿಲ್ಲ. ವಾಲ್ಯೂಮ್ ಸೊನ್ನೆ ಮಾಡಿದರೂ ಗುಂಯ್. ಬಾಕ್ಸಿನಿಂದ ಮಿಕ್ಸರಿಗೆ ಹೋಗುವ ಕೇಬಲ್ ಕಿತ್ತರೆ ಮಾತ್ರ ಸುಮ್ಮನೆ. ಆಗ ನಮ್ಮಲ್ಲೊಬ್ಬರು, "ಬಾಕ್ಸಿನ ಪ್ಲಗ್ಗಿನ ದಪ್ಪ ಪಿನ್ ತೆಗೆದುಬಿಡ್ರಿ, ನಿಲ್ತದ" ಎಂದರು. ಅರ್ಥ್ ಪಿನ್ ಬಿಚ್ಚಿದೆವು. ಸದ್ದು ನಿಂತಿತು. ಎಲ್ಲರೂ ಹಿಗ್ಗಿದೆವು.

ಮೂರು ತಿಂಗಳ ಮೇಲೆ, ಶನಿವಾರ ಸಂಜೆ ಅಭ್ಯಾಸದಲ್ಲಿ ಬೇಸ್ ನುಡಿಸುವ ಹುಡುಗ ಜೊತೆಗೆ ಹಾಡಲು ಮೈಕಿಗೆ ಬಾಯಿ ಹಚ್ಚಿ ಥಟ್ಟನೆ ಹಿಂದೆ ಸರಿದ. "ಅಣ್ಣಾ, ಮೈಕ್ ತುಟಿಗೆ ಚುರ್ ಅಂತದ" ಎಂದ. ನಾವು ನಕ್ಕೆವು. ಎರಡನೆಯ ಸಲ ಅವನು ಕೂಗಿಕೊಂಡಾಗ ನಗು ನಿಂತಿತು. ಮಿಕ್ಸರ್ ಮನೆಯ ತೆಲುಗು ಗಾನವೃಂದದ ಹಿರಿಯರೊಬ್ಬರು ಓಡಿಹೋಗಿ ಮೇನ್ ಸ್ವಿಚ್ ಇಳಿಸಿದರು. ಮರುದಿನ ಬಂದ ವೈರ್‌ಮನ್ ಪ್ಲಗ್ಗನ್ನು ಬಿಚ್ಚಿ ನೋಡಿ ಹೇಳಿದ್ದು ಎರಡೇ ಮಾತು: "ಅರ್ಥ್ ಲೇದನ್ನಾ."

ಆದದ್ದು ಇಷ್ಟು. ಗಿಟಾರಿನ ತಂತಿಗಳು ಬ್ರಿಜ್ ವೈರಿನ ಮೂಲಕ, ಕೇಬಲ್ಲಿನ ಮೂಲಕ ಬಾಕ್ಸಿನ ಲೋಹದ ಮೈಗೆ ಸೇರಿರುತ್ತವೆ. ಬಾಕ್ಸಿನ ಮೈ ಅರ್ಥ್ ಪಿನ್ನಿನ ಮೂಲಕ ನೆಲಕ್ಕೆ ಸೇರಿರಬೇಕು. ಪಿನ್ ಇಲ್ಲದಾಗ ಬಾಕ್ಸಿನೊಳಗೆ ಸೋರಿದ ಕರೆಂಟು ಹೋಗಲು ದಾರಿಯಿಲ್ಲದೆ ತಂತಿಗಳ ಮೇಲೆ ನಿಂತಿತು. ಮೈಕಿನ ಲೋಹ ಮಿಕ್ಸರಿನ ಮೂಲಕ ನೆಲಕ್ಕೆ ಸೇರಿತ್ತು. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ನಡುವಿನ ವೈರ್ ಆ ಹುಡುಗನ ಮೈ. ಅಂದು ಸೋರಿಕೆ ಸಣ್ಣದಿತ್ತು, ಅವನು ಉಳಿದ. 1972ರ ಮೇ ತಿಂಗಳಿನಲ್ಲಿ ವೇಲ್ಸ್ ದೇಶದ ಸ್ವಾನ್‌ಸೀ ನಗರದಲ್ಲಿ ಸ್ಟೋನ್ ದ ಕ್ರೋಸ್ ಎಂಬ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವಿ ಹೀಗೆಯೇ ಒಂದು ಕೈ ತಂತಿಯ ಮೇಲಿರುವಾಗ ಅರ್ಥ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡರು.

ಆದ್ದರಿಂದ ಈ ಪಾಠದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ: ಸದ್ದು ನಿಲ್ಲಿಸಲು ಅರ್ಥ್ ಪಿನ್ನನ್ನು ಎಂದೂ ತೆಗೆಯಬಾರದು. ಎರಡು ಪಿನ್ನಿನ ಅಡಾಪ್ಟರ್ ಹಾಕಿ ತಪ್ಪಿಸುವುದೂ ಅದೇ ತಪ್ಪು.

6. ಸರಿಯಾದ ದಾರಿ

ಹಾಗಾದರೆ ಪಿನ್ ತೆಗೆದಾಗ ಸದ್ದು ನಿಂತದ್ದೇಕೆ? ಬಾಕ್ಸಿನ ಪ್ಲಗ್ ಪೀಠದ ಪಕ್ಕದ ಸಾಕೆಟ್ಟಿನಲ್ಲಿತ್ತು, ಮಿಕ್ಸರಿನ ಪ್ಲಗ್ ಬಾಗಿಲ ಬಳಿಯ ಸಾಕೆಟ್ಟಿನಲ್ಲಿತ್ತು. ಎರಡಕ್ಕೂ ಬೇರೆ ಬೇರೆ ಅರ್ಥ್ ವೈರ್. ನಡುವೆ ಕೇಬಲ್ಲಿನ ಹೊರ ಜಾಳಿಗೆ ಅವೆರಡನ್ನೂ ಜೋಡಿಸಿ ಒಂದು ದೊಡ್ಡ ಸುತ್ತು ಮಾಡಿತ್ತು. ಆ ಸುತ್ತಿನಲ್ಲಿ ಹರಿಯುವ ಕರೆಂಟೇ ಗುಂಯ್ ಸದ್ದು. ಗಿಟಾರೂ ಕೆಟ್ಟಿರಲಿಲ್ಲ, ಮಿಕ್ಸರೂ ಕೆಟ್ಟಿರಲಿಲ್ಲ. ದೋಷ ಇಬ್ಬರ ನಡುವೆ ಇತ್ತು. ಒಂದು ವರ್ಷ ಒಬ್ಬರನ್ನೊಬ್ಬರು ದೂರಿದ ನಮಗೆ ಇದು ತಕ್ಕ ಉತ್ತರವೇ.

ಮದ್ದು ಎರಡು. ಮೊದಲನೆಯದಕ್ಕೆ ಖರ್ಚೇ ಇಲ್ಲ: ಬಾಕ್ಸ್, ಮಿಕ್ಸರ್, ಕೀಬೋರ್ಡ್ ಎಲ್ಲವನ್ನೂ ಒಂದೇ ಸಾಕೆಟ್ಟಿನಿಂದ ಬರುವ ಮೂರು ಪಿನ್ನಿನ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ನಮ್ಮ ಸದ್ದು ಇದರಿಂದಲೇ ಮುಕ್ಕಾಲು ಪಾಲು ಇಳಿಯಿತು. ಎರಡನೆಯದು ಡಿ.ಐ. ಬಾಕ್ಸ್. ಬೇಸಿಗೂ ಮಿಕ್ಸರಿಗೂ ನಡುವೆ ಇಡುವ ಚಿಕ್ಕ ಡಬ್ಬಿ ಅದು. ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದನ್ನೇ ಕೊಳ್ಳಿ. ಅದರ ಮೇಲಿನ 'ಗ್ರೌಂಡ್ ಲಿಫ್ಟ್' ಸ್ವಿಚ್ ಹಾಡಿನ ಕೇಬಲ್ಲಿನ ಜಾಳಿಗೆಯನ್ನು ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥನ್ನು ಮುಟ್ಟುವುದಿಲ್ಲ. ಸುತ್ತು ಕಡಿಯುತ್ತದೆ, ಜೀವ ಉಳಿಯುತ್ತದೆ.

7. ನೆಲದೊಳಗಿನ ಅರ್ಥಿಂಗ್

ಪಿನ್ ಇದ್ದರೆ ಸಾಲದು, ಅದು ನೆಲ ಮುಟ್ಟಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಭೂಮಿ ಬಿರುಕು ಬಿಡುತ್ತದೆ. ಒಣಗಿದ ಮಣ್ಣಿನಲ್ಲಿ ಕರೆಂಟು ಸರಾಗವಾಗಿ ಇಳಿಯದು. ಮಳೆಗಾಲದಲ್ಲಿ ಸುಮ್ಮನಿದ್ದ ಬಾಕ್ಸು ಪಾಸ್ಖ ಹಬ್ಬದ ಹೊತ್ತಿಗೆ ಗುಂಯ್‌ಗುಡಲು ಇದೂ ಒಂದು ಕಾರಣ. ನಮ್ಮ ಅರ್ಥಿಂಗ್ ಗುಂಡಿಯನ್ನು ಅಗೆಸಿ ನೋಡಿದರೆ ಪೈಪಿಗೆ ಕಟ್ಟಿದ ವೈರ್ ತುಕ್ಕು ಹಿಡಿದು ಪುಡಿಯಾಗಿತ್ತು. ವೈರ್‌ಮನ್ ಹೊಸ ಕ್ಲಾಂಪ್ ಹಾಕಿ, ಗುಂಡಿಗೆ ಇದ್ದಿಲು ಉಪ್ಪು ತುಂಬಿ, ನೀರು ಹೊಯ್ದರು. ಈಗ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುವುದು ಪೀಠ ಸೇವೆಯ ಮಕ್ಕಳ ಕೆಲಸ.

ನುರಿತ ವೈರ್‌ಮನ್‌ರಿಂದ ಮೂರು ಅಳತೆ ಮಾಡಿಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಜೊತೆಗೆ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಮನುಷ್ಯನ ಮೂಲಕ ನೆಲಕ್ಕೆ ಸೋರಿದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಮಾಮೂಲಿ ಫ್ಯೂಸ್ ಅಥವಾ ಎಂಸಿಬಿ ಆ ಕೆಲಸ ಮಾಡದು.

8. ಪೂಜೆಗೆ ಅರ್ಧ ಗಂಟೆ ಮೊದಲು

- ಎಲ್ಲ ಪ್ಲಗ್ಗುಗಳಲ್ಲಿ ಮೂರು ಪಿನ್ ಇವೆಯೇ, ಎಲ್ಲವೂ ಒಂದೇ ಬೋರ್ಡಿನಲ್ಲಿವೆಯೇ ನೋಡಿ.
- ಹಾಡಿನ ಕೇಬಲ್ಲನ್ನು ಕರೆಂಟಿನ ವೈರಿನ ಜೊತೆ ಸುತ್ತಬೇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.
- ಫ್ಯಾನನ್ನು ಪೂರ್ತಿ ವೇಗಕ್ಕೆ ತಿರುಗಿಸಿ ಕೇಳಿ. ಝರ್ ಸದ್ದು ನಿಂತರೆ ರೆಗ್ಯುಲೇಟರ್ ಕಾರಣ, ಅದನ್ನು ಬದಲಿಸಿ. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಸೀರಿಯಲ್ ಸೆಟ್ಟುಗಳನ್ನೂ ಒಂದೊಂದಾಗಿ ಆರಿಸಿ ಪರೀಕ್ಷಿಸಿ.
- ಕರೆಂಟು ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಝರ್ ಎಂದರೆ ದೋಷ ಇನ್ವರ್ಟರಿನ ಅಲೆಯಲ್ಲಿದೆ. ಮುಂದೆ ಕೊಳ್ಳುವಾಗ ಸೈನ್‌ವೇವ್ ಇನ್ವರ್ಟರ್ ಕೊಳ್ಳಿ.
- ಮೊಬೈಲನ್ನು ಬಾಕ್ಸಿನ ಮೇಲೆ ಇಡಬೇಡಿ.
- ಹಾಡು ಮುಗಿದ ಕೂಡಲೇ ಬೇಸಿನ ವಾಲ್ಯೂಮನ್ನು ಸೊನ್ನೆಗೆ ತನ್ನಿ. ಇದಕ್ಕಿಂತ ಸುಲಭದ ಮದ್ದು ಇಲ್ಲ.

ಇಷ್ಟು ಮಾಡಿದ ಮೇಲೂ ಕಿವಿಯನ್ನು ಬಾಕ್ಸಿಗೆ ಹಚ್ಚಿದರೆ ಸಣ್ಣಗೆ 'ಸ್ಸ್' ಎಂದು ಕೇಳಿಸುತ್ತದೆ. ಅದು ಎಲ್ಲ ಯಂತ್ರಗಳಲ್ಲೂ ಇರುವಂಥದ್ದು, ಚಿಂತೆ ಬೇಡ. ಬೆಂಚಿನಲ್ಲಿ ಕುಳಿತವರಿಗೆ ಕೇಳಿಸದಿದ್ದರೆ ಸಾಕು.

ನವೆಂಬರ್ 22 ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾಳ ಹಬ್ಬ. ಆ ವಾರ ಪ್ರತಿ ವರ್ಷ ಎರಡೂ ಗಾನವೃಂದಗಳು ಕೂಡಿ ಕೇಬಲ್, ಪ್ಲಗ್, ಅರ್ಥಿಂಗ್ ಗುಂಡಿ ಎಲ್ಲವನ್ನೂ ಪರೀಕ್ಷಿಸುವುದೆಂದು ನಾವು ತೀರ್ಮಾನಿಸಿದ್ದೇವೆ. ನೀವೂ ಒಂದು ದಿನ ಗೊತ್ತು ಮಾಡಿಕೊಳ್ಳಿ. ಮೈಕಿನ ಮುಂದೆ ನಿಲ್ಲುವವರು ನಮ್ಮ ಮನೆಯ ಮಕ್ಕಳು. ಆ ಹುಡುಗ ಈಗಲೂ ಬೇಸ್ ನುಡಿಸುತ್ತಾನೆ, ಹಾಡುತ್ತಾನೆ. ಆದರೆ ಗಿಟಾರ್ ಹೆಗಲಿಗೇರಿಸುವ ಮೊದಲು ಪ್ಲಗ್ಗನ್ನು ಕಿತ್ತು ಮೂರೂ ಪಿನ್ನುಗಳನ್ನು ಎಣಿಸುತ್ತಾನೆ. ಅವನನ್ನು ನೋಡಿ ನಾವೂ ಎಣಿಸುತ್ತೇವೆ.